ಭಾರ ಎತ್ತಬೇಡಿ ಎಂದವರು, ಎತ್ತಲು ಕಲಿಸಿದವರು

ತಾಲೂಕು ಕೇಂದ್ರದ ಯಾವ ಜಿಮ್‌ಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಹತ್ತರದು ಮೂರು ಸೆಟ್ ಹೊಡಿ." ಹತ್ತು ಸಲ ಎತ್ತು, ಸುಧಾರಿಸಿಕೋ, ಮತ್ತೆ ಹತ್ತು, ಮತ್ತೆ ಹತ್ತು. ಹೇಳುವ ಟ್ರೈನರಿಗೂ ಎತ್ತುವ ಹುಡುಗನಿಗೂ ಈ ಲೆಕ್ಕ ಎಲ್ಲಿಂದ ಬಂತೆಂದು ಗೊತ್ತಿರುವುದು ಕಡಿಮೆ. ಅದು ಬಂದದ್ದು ಎರಡನೇ ಮಹಾಯುದ್ಧದ ಕಾಲದ ಒಂದು ಮಿಲಿಟರಿ ಆಸ್ಪತ್ರೆಯಿಂದ. ಆ ಪದ್ಧತಿಯ ಹೆಸರನ್ನೇ ಹೊತ್ತು ಹುಟ್ಟಿದ ಇನ್ನೊಂದು ವ್ಯಾಯಾಮವೂ ಇದೆ. ಅದನ್ನು ಮಾತ್ರ ಯಾರೂ ಜೋರಾಗಿ ಹೇಳುವುದಿಲ್ಲ. ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಪಿಸುದನಿಯಲ್ಲಿ ಎರಡು ಮಾತು ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಅದೇ ಕೆಗಲ್ ವ್ಯಾಯಾಮ.

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಸೋರುವುದು, ಸಂಜೆಯಾಗುತ್ತಿದ್ದಂತೆ ಕೆಳಗೆ ಏನೋ ಜಾರಿ ಬಂದಂತೆ ಅನ್ನಿಸುವುದು, ಮೂರು ಹೆತ್ತ ತಾಯಂದಿರಿಗೆ ಇದೇನೂ ಹೊಸದಲ್ಲ. ಆದರೆ ಇದು ಹಟ್ಟಿಯಲ್ಲಿ, ಬಾವಿಕಟ್ಟೆಯಲ್ಲಿ ಆಡುವ ಮಾತಲ್ಲ. ತೀರಾ ತಡೆಯದಾದಾಗ ಡಾಕ್ಟರ ಹತ್ತಿರ ಹೋದರೆ ಬಹಳ ಸಲ ಸಿಗುವ ಉತ್ತರ ಒಂದೇ: "ಇನ್ನು ಭಾರ ಎತ್ತಬೇಡಮ್ಮ." ಆಕೆ ಆಯಿತೆಂದು ತಲೆಯಾಡಿಸಿ ಬಸ್ಸು ಹತ್ತುತ್ತಾಳೆ. ಮನೆಯಲ್ಲಿ ಹುಲ್ಲಿನ ಹೊರೆ ಕಾಯುತ್ತಿರುತ್ತದೆ. ಎಮ್ಮೆಗೆ ಡಾಕ್ಟರ ಮಾತು ಗೊತ್ತಾಗುತ್ತದೆಯೆ?

ಭಾರ ಎತ್ತದೆ ಬದುಕಲಾಗದವರಿಗೆ ಭಾರ ಎತ್ತಬೇಡ ಎಂಬುದು ಔಷಧವಲ್ಲ. ವೈದ್ಯಲೋಕ ಇದನ್ನು ಕಲಿಯಲು ಎಷ್ಟು ಕಾಲ ತೆಗೆದುಕೊಂಡಿತು, ಕಲಿತ ಮೇಲೂ ಒಮ್ಮೆ ಹೇಗೆ ಮರೆಯಿತು ಎಂಬುದೇ ಈ ಬರಹ.

ಮೊದಲು ಆ ಜಾಗದ ಬಗ್ಗೆ. ನಾವು ಕೂರುವಾಗ ನೆಲಕ್ಕೆ ತಾಗುವ ಎರಡು ಮೂಳೆಗಳ ನಡುವೆ, ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ, ಜೋಲಿ ಕಟ್ಟಿದ ಹಾಗೆ ಸ್ನಾಯುಗಳು ಹರಡಿವೆ. ಇಂಗ್ಲಿಷಿನಲ್ಲಿ ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ, ಇಲ್ಲಿ ತಳದ ಸ್ನಾಯು ಎನ್ನೋಣ. ಮೂತ್ರಚೀಲ, ಗರ್ಭಕೋಶ, ಮಲದ್ವಾರದ ಮೇಲಿನ ಕರುಳು, ಇವೆಲ್ಲ ಆ ಜೋಲಿಯ ಮೇಲೆ ಕೂತಿವೆ. ಮೇಲ್ಗಡೆ ಉಸಿರಾಟದ ಸ್ನಾಯುವಾದ ವಪೆ, ಮುಂದೆ ಹೊಟ್ಟೆಯ ಸ್ನಾಯು, ಹಿಂದೆ ಬೆನ್ನಿನದು. ಜಿಮ್‌ನವರು ಕೋರ್ ಅನ್ನುವುದು ಈ ಇಡೀ ಡಬ್ಬಿಗೆ. ಭಾರ ಎತ್ತುವಾಗ ಉಸಿರು ಹಿಡಿದರೆ ಡಬ್ಬಿಯೊಳಗಿನ ಒತ್ತಡ ಏರುತ್ತದೆ. ಬೆನ್ನಿಗೆ ಆ ಒತ್ತಡ ಬೇಕು. ಆದರೆ ತಳ ಸಡಿಲವಾಗಿದ್ದರೆ ಅದು ಕೆಳಗೆ ದಾರಿ ಹುಡುಕುತ್ತದೆ.

ಇದಕ್ಕೆ ಹಳೆಯ ಕಾಲದವರು ಮಾಡಿದ ಚಿಕಿತ್ಸೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಗ್ರೀಕರ ಹಿಪೊಕ್ರೆಟಿಸ್ ಹೆಸರಿನ ವೈದ್ಯಗ್ರಂಥಗಳಲ್ಲಿ, ಗರ್ಭಕೋಶ ಜಾರಿದ ಹೆಂಗಸನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಕುಲುಕುವ ವಿಧಾನವಿದೆ. ಜಾರಿದ್ದು ಮತ್ತೆ ಇಳಿಯದಂತೆ ಒಳಗೆ ಅರ್ಧ ದಾಳಿಂಬೆ ಇಡುವುದೂ ಇದೆ. ಎರಡನೇ ಶತಮಾನದ ಹೊತ್ತಿಗೆ ಸೊರೇನಸ್ ಎಂಬ ವೈದ್ಯ ಈ ಕುಲುಕಾಟವನ್ನು ಖಂಡಿಸಿ ಬರೆದ. ದಾಳಿಂಬೆಯ ಉಪಾಯವನ್ನು ಮಾತ್ರ ಪೂರ್ತಿ ನಗುವಂತಿಲ್ಲ. ಇವತ್ತು ಆಸ್ಪತ್ರೆಗಳಲ್ಲಿ ಒಳಗಿಡುವ ಸಿಲಿಕಾನ್ ಬಳೆ ಇದೆಯಲ್ಲ, ಪೆಸರಿ ಅನ್ನುತ್ತಾರೆ, ಅದು ಆ ದಾಳಿಂಬೆಯ ಮೊಮ್ಮಗಳು. ಸರಿಯಾದ ಅಳತೆಯದನ್ನು ಇಟ್ಟರೆ ಆಪರೇಷನ್ ಇಲ್ಲದೆ ಎಷ್ಟೋ ಜನ ಆರಾಮಾಗಿ ಕೆಲಸ ಮಾಡಿಕೊಂಡಿದ್ದಾರೆ.

ನಮ್ಮ ಹಠಯೋಗದ ಗ್ರಂಥಗಳಲ್ಲಿ ಮೂಲಬಂಧ ಎಂಬುದಿದೆ. ತಳವನ್ನು ಬಿಗಿದು ಮೇಲಕ್ಕೆಳೆಯುವ ಕ್ರಿಯೆ ಅದು. "ನೋಡಿ, ನಮ್ಮವರಿಗೆ ಆಗಲೇ ಗೊತ್ತಿತ್ತು" ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಸ್ನಾಯು ಅದೇ, ನಿಜ. ಆದರೆ ಆ ಗ್ರಂಥಗಳ ಗುರಿ ಅಪಾನವಾಯುವನ್ನು ಮೇಲೆತ್ತುವುದು, ಬಾಣಂತಿಯ ಸೋರುವಿಕೆ ನಿಲ್ಲಿಸುವುದಲ್ಲ. ಅದನ್ನು ಕಲಿಯುತ್ತಿದ್ದವರೂ ಹೆಚ್ಚಾಗಿ ಗಂಡಸರೇ.

ಈಗ ಯುದ್ಧಕಾಲದ ಆಸ್ಪತ್ರೆಗೆ ಬರೋಣ.

1944-45ರಲ್ಲಿ ಅಮೆರಿಕದ ಶಿಕಾಗೋ ನಗರದ ಗಾರ್ಡಿನರ್ ಮಿಲಿಟರಿ ಆಸ್ಪತ್ರೆ ಕಾಲು ಮುರಿದ, ಮಂಡಿ ಕೆಟ್ಟ ಸೈನಿಕರಿಂದ ತುಂಬಿತ್ತು. ಮೂಳೆ ಕೂಡಿದರೂ ಸ್ನಾಯು ಸೊರಗಿರುತ್ತಿತ್ತು, ತಿಂಗಳುಗಟ್ಟಲೆ ಮಂಚ ಖಾಲಿಯಾಗುತ್ತಿರಲಿಲ್ಲ. ಆಗಿನ ರೂಢಿ ಎಂದರೆ ಹಗುರ ಭಾರ, ಬಹಳ ಸಲ, ಆಯಾಸ ಆಗಬಾರದು. ಅಲ್ಲಿದ್ದ ಥಾಮಸ್ ಡಿಲಾರ್ಮ್ ಎಂಬ ಯುವ ಡಾಕ್ಟರ್ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದವರು. ಶ್ರಮದ ಕೆಲಸ ಮಾಡಬೇಡ ಎಂದು ಅವರಿಗೂ ಹೇಳಿದ್ದರು. ಅವರು ಕೇಳಲಿಲ್ಲ, ಕಬ್ಬಿಣ ಎತ್ತಿ ಮೈ ಕಟ್ಟಿಕೊಂಡರು. ಅದನ್ನೇ ಸೈನಿಕರ ಮೇಲೆ ಪ್ರಯೋಗಿಸಿದರು. ಹತ್ತು ಸಲ ಎತ್ತಲು ಆಗುವಷ್ಟು, ಹನ್ನೊಂದನೆಯದು ಆಗದಷ್ಟು ಭಾರ. ಬಲ ಬಂದಂತೆ ಭಾರವನ್ನೂ ಏರಿಸುವುದು. ಮೊದಲು ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದರು. 1948ರ ಹೊತ್ತಿಗೆ ಮೂರೇ ಸಾಕು ಎಂದು ಬರೆದರು. ಆ ಮೂರೇ ಇವತ್ತು ನಮ್ಮ ತಾಲೂಕು ಜಿಮ್‌ನಲ್ಲಿ ಓಡುತ್ತಿರುವುದು. ಈ ಪದ್ಧತಿಗೆ ಬಿದ್ದ ಹೆಸರು ಪ್ರೊಗ್ರೆಸಿವ್ ರೆಸಿಸ್ಟೆನ್ಸ್ ಎಕ್ಸರ್‌ಸೈಜ್, ಅಂದರೆ ಹಂತಹಂತವಾಗಿ ಭಾರ ಏರಿಸುವ ವ್ಯಾಯಾಮ.

ಅದೇ 1948ರಲ್ಲಿ ಲಾಸ್ ಏಂಜಲೀಸಿನ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗಲ್ ಒಂದು ಲೇಖನ ಪ್ರಕಟಿಸಿದರು. ಹೆಂಗಸರ ತಳದ ಸ್ನಾಯುವನ್ನು ಮತ್ತೆ ಕೆಲಸಕ್ಕೆ ತರುವ ಬಗೆಯದು. ಅದರ ಶೀರ್ಷಿಕೆಯ ಮೊದಲ ಮೂರು ಪದ: ಪ್ರೊಗ್ರೆಸಿವ್ ರೆಸಿಸ್ಟೆನ್ಸ್ ಎಕ್ಸರ್‌ಸೈಜ್. ಸೈನಿಕನ ತೊಡೆಗೆ ಹೇಳಿದ ಪದವನ್ನು ಬಾಣಂತಿಯ ತಳಕ್ಕೆ ಹೇಳಿದರು. ಅದೂ ಸ್ನಾಯುವೇ, ಸೊರಗಿದರೆ ಬೆಳೆಸಬಹುದು ಎಂಬುದು ಅವರ ವಾದ. ಅಂದರೆ ಕೆಗಲ್ ವ್ಯಾಯಾಮ ಹುಟ್ಟಿನಿಂದಲೇ ಭಾರ ಎತ್ತುವವರ ವ್ಯಾಯಾಮ. ಮುಚ್ಚುಮರೆಯಲ್ಲಿ ಮಾಡುವ ಮನೆಮದ್ದಾಗಿ ಅದು ಹುಟ್ಟಲಿಲ್ಲ.

(ಕೆಗಲ್ ಮೊದಲಿಗರೇನಲ್ಲ. 1930ರ ದಶಕದಲ್ಲೇ ಲಂಡನ್ನಿನಲ್ಲಿ ಮಾರ್ಗರೆಟ್ ಮಾರಿಸ್ ಎಂಬ ನರ್ತಕಿ ಫಿಸಿಯೋಥೆರಪಿ ಕಲಿತು ಬಾಣಂತಿಯರಿಗೆ ಈ ಬಗೆಯ ವ್ಯಾಯಾಮ ಹೇಳಿಕೊಡುತ್ತಿದ್ದರು. ಆದರೂ ಹೆಸರು ಉಳಿದದ್ದು ಗಂಡಸು ಡಾಕ್ಟರದ್ದು.)

ಕೆಗಲ್ ಅವರ ನಿಜವಾದ ಕೊಡುಗೆ ಒಂದು ಯಂತ್ರ. ಹೆಸರು ಪೆರಿನಿಯೋಮೀಟರ್. ಬಿಪಿ ನೋಡುವ ಯಂತ್ರ ನೋಡಿದ್ದೀರಲ್ಲ, ರಬ್ಬರ್ ಚೀಲ, ನಳಿಗೆ, ಮುಳ್ಳು. ಅದೇ ತತ್ವ. ಗಾಳಿ ತುಂಬಿದ ಚಿಕ್ಕ ರಬ್ಬರ್ ಕೋಶವನ್ನು ಯೋನಿಯೊಳಗಿಟ್ಟು ಬಿಗಿದರೆ ಹೊರಗಿನ ಮುಳ್ಳು ಏರುತ್ತದೆ. ತೋಳಿನ ಬಲ ಕನ್ನಡಿಯಲ್ಲಿ ಕಾಣುತ್ತದೆ. ಈ ಸ್ನಾಯು ಯಾರಿಗೂ ಕಾಣದು, ಮಾಡುವವಳಿಗೇ ಕಾಣದು. ಸರಿಯಾಗಿ ಬಿಗಿಯುತ್ತಿದ್ದೇನೆಯೆ, ಹೋದ ವಾರಕ್ಕಿಂತ ಬಲ ಬಂದಿದೆಯೆ ಎಂಬುದನ್ನು ಆ ಮುಳ್ಳು ಹೇಳುತ್ತಿತ್ತು. ದಿನಕ್ಕೆ ಮೂರು ಸಲ, ಪ್ರತಿ ಸಲ 20 ನಿಮಿಷ ಮಾಡಿ ಎನ್ನುತ್ತಿದ್ದರು. 1951ರಲ್ಲಿ ನೂರಕ್ಕೆ 84 ಜನರಿಗೆ ವಾಸಿಯಾಯಿತು ಎಂದು ಬರೆದರು. ವ್ಯಾಯಾಮ ಮಾಡದ ಗುಂಪಿನ ಜೊತೆ ಹೋಲಿಸಿ ನೋಡಿರಲಿಲ್ಲವಾದ್ದರಿಂದ ಆ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಮುಂದೆ ಆದದ್ದು ನಮಗೆ ಪರಿಚಿತ ಕಥೆಯೇ. ವ್ಯಾಯಾಮ ಊರೂರು ತಲುಪಿತು, ಯಂತ್ರ ಹಿಂದೆ ಉಳಿಯಿತು. ಕೈಗೊಂದು ಚೀಟಿ, ಬಾಯಲ್ಲಿ ಎರಡು ಮಾತು: ಬಸ್ಸಿಗೆ ಕಾಯುವಾಗ ಬಿಗಿಯಿರಿ, ಟಿವಿ ನೋಡುವಾಗ ಬಿಗಿಯಿರಿ. ಅಳತೆ ಹೋಯಿತು, ಹಂತಹಂತವಾಗಿ ಏರಿಸುವುದು ಹೋಯಿತು, ಹೇಳಿಕೊಡುವವರೂ ಹೋದರು. ಬಿಗಿಯುವುದು ಒಂದೇ ಉಳಿಯಿತು.

ಬರೀ ಮಾತಿನ ಪಾಠದಿಂದ ಏನಾಗುತ್ತದೆ ಎಂದು 1991ರಲ್ಲಿ ಅಮೆರಿಕದ ವೈದ್ಯರು ಪರೀಕ್ಷಿಸಿದರು. 47 ಹೆಂಗಸರಿಗೆ ಬಾಯಲ್ಲಷ್ಟೇ ಹೇಳಿ ಮಾಡಿಸಿ, ಯಂತ್ರ ಇಟ್ಟು ನೋಡಿದರು. ಸರಿಯಾಗಿ ಮಾಡಿದವರು ಸುಮಾರು ಅರ್ಧ. ಕಾಲುಭಾಗದವರು ಉಲ್ಟಾ ಮಾಡುತ್ತಿದ್ದರು, ಮೇಲಕ್ಕೆ ಎಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು. ಹಾಗೆ ಮಾಡಿದರೆ ಸೋರುವುದು ಹೆಚ್ಚಾಗಬಹುದು. "ನಾನೂ ಮಾಡಿದೆ, ಏನೂ ಆಗಲಿಲ್ಲ" ಎಂದು ಬಿಟ್ಟವರಲ್ಲಿ ಎಷ್ಟು ಜನ ಹೀಗೆ ತಪ್ಪಾಗಿ ಮಾಡಿದವರೋ!

ಈ ಗೊಂದಲಕ್ಕೆ ದಾರಿ ತೋರಿಸಿದವರು ನಾರ್ವೆ ದೇಶದ ಕಾರಿ ಬೋ. ಫಿಸಿಯೋಥೆರಪಿಸ್ಟ್, ಜೊತೆಗೆ ಕ್ರೀಡಾ ವಿಜ್ಞಾನ ಓದಿದವರು. ಇವರ ವಾದ ಸರಳ. ತೊಡೆಗೆ ಬಲ ಬರಬೇಕಾದರೆ ದಿನಕ್ಕೆ ಮುನ್ನೂರು ಸಲ ಸುಮ್ಮನೆ ಅಲ್ಲಾಡಿಸುತ್ತೇವೆಯೆ? ಇಲ್ಲ. ಕಡಿಮೆ ಸಲ, ಪೂರ್ತಿ ಬಲ ಹಾಕಿ ಮಾಡುತ್ತೇವೆ. ತಳಕ್ಕೂ ಅದೇ. ಕೆಗಲ್ ಅವರು ಡಿಲಾರ್ಮ್ ಪದ್ಧತಿಯ ಹೆಸರು ತೆಗೆದುಕೊಂಡರು, ಲೆಕ್ಕ ತೆಗೆದುಕೊಂಡಿರಲಿಲ್ಲ. ಆ ಲೆಕ್ಕ ತಂದವರು ಬೋ: ಒಂದು ಸಲಕ್ಕೆ 8ರಿಂದ 12 ಬಾರಿ, ಆದಷ್ಟೂ ಬಲವಾಗಿ, 6ರಿಂದ 8 ಸೆಕೆಂಡ್ ಹಿಡಿದು. ಹೀಗೆ ದಿನಕ್ಕೆ ಮೂರು ಹೊತ್ತು.

1990ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 52 ಹೆಂಗಸರಿದ್ದರು. ಎಲ್ಲರಿಗೂ ಮೊದಲು ಸರಿಯಾಗಿ ಬಿಗಿಯುವುದನ್ನು ಕಲಿಸಿದರು, ಎಲ್ಲರೂ ಮನೆಯಲ್ಲಿ ಮಾಡುವುದು ಒಂದೇ ವ್ಯಾಯಾಮ. ಒಂದು ಗುಂಪಿಗೆ ಮಾತ್ರ ವಾರಕ್ಕೊಮ್ಮೆ 45 ನಿಮಿಷ ತರಬೇತುದಾರರ ಮುಂದೆ ಒಟ್ಟಿಗೆ ಮಾಡುವ ತರಗತಿ. ಆರು ತಿಂಗಳ ಮೇಲೆ, ತರಗತಿಗೆ ಬಂದವರಲ್ಲಿ ನೂರಕ್ಕೆ 60 ಜನರಿಗೆ ಸೋರುವುದು ನಿಂತಿತ್ತು ಅಥವಾ ನಿಂತಂತೆಯೇ ಆಗಿತ್ತು. ಒಬ್ಬರೇ ಮನೆಯಲ್ಲಿ ಮಾಡಿದವರಲ್ಲಿ ನೂರಕ್ಕೆ 17. ವ್ಯಾಯಾಮ ಅದೇ, ವ್ಯತ್ಯಾಸ ಜೊತೆಗಾರರದ್ದು ಮತ್ತು ಹುರಿದುಂಬಿಸುವವರದ್ದು. ನಮ್ಮ ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಸೇರುತ್ತವಲ್ಲ, ಇದನ್ನು ಓದುವಾಗ ನನಗೆ ನೆನಪಾದದ್ದು ಅದು.

1999ರಲ್ಲಿ ಬೋ ಮತ್ತು ಜೊತೆಗಾರರು 107 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವ್ಯಾಯಾಮ, ಒಂದಕ್ಕೆ ಕರೆಂಟ್ ಕೊಡುವ ಯಂತ್ರ, ಒಂದಕ್ಕೆ ಯೋನಿಯೊಳಗಿಟ್ಟು ಬೀಳದಂತೆ ಹಿಡಿಯುವ ಭಾರದ ಗುಂಡು, ಒಂದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಆರು ತಿಂಗಳ ಮೇಲೆ "ಈಗ ನನಗೆ ತೊಂದರೆಯಿಲ್ಲ" ಎಂದವರು ವ್ಯಾಯಾಮದ ಗುಂಪಿನ 25ರಲ್ಲಿ 14 ಜನ. ಚಿಕಿತ್ಸೆ ಇಲ್ಲದ 30ರಲ್ಲಿ ಒಬ್ಬರು. ಯಂತ್ರ, ಗುಂಡು ಎರಡೂ ವ್ಯಾಯಾಮದ ಹತ್ತಿರಕ್ಕೂ ಬರಲಿಲ್ಲ. ಆನ್‌ಲೈನಿನಲ್ಲಿ ಈಗಲೂ ಅವನ್ನು ಮಾರುತ್ತಾರೆ, ನೋಡಿಕೊಳ್ಳಿ.

ಇದೇ ಕಾಲದಲ್ಲಿ ಇನ್ನೊಂದು ನಂಬಿಕೆಯೂ ಅಲ್ಲಾಡಿತು. ಇದು ಹೆತ್ತವರ ಕಾಯಿಲೆ, ವಯಸ್ಸಾದವರ ಕಾಯಿಲೆ ಎಂದುಕೊಂಡಿದ್ದರು. 1994ರಲ್ಲಿ ಅಮೆರಿಕದ ವೈದ್ಯೆ ಇಂಗ್ರಿಡ್ ನೈಗಾರ್ಡ್ ಮತ್ತು ಜೊತೆಗಾರರು ಒಂದೂ ಹೆರಿಗೆಯಾಗದ 144 ಕಾಲೇಜು ಕ್ರೀಡಾಪಟುಗಳನ್ನು ಕೇಳಿದರು. ಆಟದ ನಡುವೆ ಮೂತ್ರ ಸೋರುತ್ತದೆ ಎಂದವರು ನೂರಕ್ಕೆ 28. ಜಿಮ್ನಾಸ್ಟಿಕ್ಸ್ ಹುಡುಗಿಯರಲ್ಲಿ ಮೂರರಲ್ಲಿ ಇಬ್ಬರು. ಮುಂದೆ ಭಾರ ಎತ್ತುವ ಹೆಂಗಸರಲ್ಲೂ ಇದೇ ಕಂಡಿತು, ಅದರಲ್ಲೂ ನೆಲದಿಂದ ಎತ್ತುವ ಡೆಡ್‌ಲಿಫ್ಟ್‌ನಲ್ಲಿ. ಮೈ ಗಟ್ಟಿಯಿದ್ದ ಮಾತ್ರಕ್ಕೆ ತಳ ಗಟ್ಟಿಯಿರುತ್ತದೆ ಎಂದಲ್ಲ. ಅದಕ್ಕೆ ಪ್ರತ್ಯೇಕ ಪಾಠ ಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಭಾರ ಎತ್ತುವ ಸ್ಪರ್ಧೆ ಮೊದಲ ಬಾರಿಗೆ ನಡೆದು ಕರ್ಣಂ ಮಲ್ಲೇಶ್ವರಿ ಕಂಚು ತಂದ ಮೇಲೆ, ನಮ್ಮ ಕಡೆಯ ಹುಡುಗಿಯರೂ ಬಾರ್ಬೆಲ್ ಮುಟ್ಟತೊಡಗಿದ್ದಾರೆ. ಈ ಪಾಠ ಅವರ ಕೋಚ್‌ಗಳಿಗೆ ತಲುಪಿದೆಯೆ ಎಂಬ ಅನುಮಾನ ನನಗಿದೆ.

ಹಾಗಾದರೆ ಎತ್ತುವ ಹೊತ್ತಿನಲ್ಲಿ ಏನು ಮಾಡಬೇಕು? ಇದಕ್ಕೆ 1998ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜಾನಿಸ್ ಮಿಲ್ಲರ್ ತಂಡ ಕೊಟ್ಟ ಉತ್ತರ ಎಷ್ಟು ಸಣ್ಣದೆಂದರೆ ನಗು ಬರುತ್ತದೆ. ಕೆಮ್ಮುವುದಕ್ಕೆ ಅರೆಕ್ಷಣ ಮೊದಲು ತಳವನ್ನು ಬಿಗಿಯಿರಿ, ಅಷ್ಟೆ. ಅರವತ್ತು ದಾಟಿದ 27 ಹೆಂಗಸರಿಗೆ ಇದನ್ನು ಕಲಿಸಿ, ಒಂದು ವಾರ ಬಿಟ್ಟು ಪರೀಕ್ಷಿಸಿದರು. ಸಾಧಾರಣ ಕೆಮ್ಮಿಗೆ ಸೋರುವುದು ಬಹುತೇಕ ನಿಂತಿತ್ತು, ಜೋರು ಕೆಮ್ಮಿಗೆ ಸುಮಾರು ಮುಕ್ಕಾಲು ಪಾಲು ಕಡಿಮೆಯಾಗಿತ್ತು. ಒಂದು ವಾರದಲ್ಲಿ ಸ್ನಾಯು ದಪ್ಪವಾಗಿರಲು ಸಾಧ್ಯವಿಲ್ಲ. ಹೊತ್ತು ಸರಿಹೋಗಿತ್ತು, ಅಷ್ಟೆ. ಭಾರಕ್ಕೂ ಇದೇ ಉಪಾಯ. ಮೊದಲು ತಳ ಬಿಗಿದುಕೊಳ್ಳಿ, ಆಮೇಲೆ ಉಸಿರು ಬಿಡುತ್ತ ಎತ್ತಿ, ಇಳಿಸಿದ ಮೇಲೆ ಸಡಿಲ ಬಿಡಿ. ತೇರು ಎಳೆಯುವವರು, ಮೂಟೆ ಎತ್ತುವ ಹಮಾಲರು "ಐಸಾ" ಎಂದು ಕೂಗುತ್ತಾರಲ್ಲ, ಉಸಿರು ಕಟ್ಟಿಕೊಂಡು ಯಾರಿಗೂ ಕೂಗಲಾಗುವುದಿಲ್ಲ.

ಇನ್ನು "ಭಾರ ಎತ್ತಬೇಡ" ಎಂಬ ಮಾತಿನ ಬಗ್ಗೆ. ಯಾವ ಕೆಲಸದಲ್ಲಿ ಹೊಟ್ಟೆಯೊಳಗೆ ಎಷ್ಟು ಒತ್ತಡ ಏರುತ್ತದೆ ಎಂದು ನೈಗಾರ್ಡ್ ಅವರ ತಂಡ ಅಳೆದು 2006ರಲ್ಲಿ ಪ್ರಕಟಿಸಿತು. ಕಟ್ಟೆಯ ಎತ್ತರದಿಂದ ಸುಮಾರು 9 ಕೆ.ಜಿ. ಎತ್ತಿದಾಗ ಏರುವ ಒತ್ತಡ ಕುರ್ಚಿಯಿಂದ ಎದ್ದು ನಿಲ್ಲುವಾಗಿನದಕ್ಕಿಂತ ಹೆಚ್ಚೇನಿರಲಿಲ್ಲ. ಆಪರೇಷನ್ ಆದವರಿಗೆ ಕೊಡ ಎತ್ತಬೇಡಿ ಎನ್ನುತ್ತಿದ್ದರು, ಕುರ್ಚಿಯಿಂದ ಏಳಬೇಡಿ ಎಂದು ಯಾರೂ ಹೇಳಿರಲಿಲ್ಲ! ಹಾಗೆಂದು ಆಪರೇಷನ್ ಆದವರು, ಹಸಿ ಬಾಣಂತಿಯರು ಇದನ್ನು ಓದಿ ಮೂಟೆಗೆ ಕೈ ಹಾಕಬಾರದು. ಅವರು ಡಾಕ್ಟರು ಹೇಳಿದಷ್ಟು ದಿನ ಕಾಯಲೇಬೇಕು. ಗಮನಿಸಬೇಕಾದದ್ದು ಎತ್ತರವನ್ನು. ನೆಲದಿಂದ ಬಗ್ಗಿ ಎತ್ತುವುದು ಬೇರೆ, ಸೊಂಟದ ಎತ್ತರದ ಕಟ್ಟೆಯಿಂದ ಎತ್ತುವುದು ಬೇರೆ. ಕೊಡ ತುಂಬಿಸಿ ನೆಲದ ಮೇಲಿಡುವ ಬದಲು ಕಲ್ಲಿನ ಮೇಲಿಟ್ಟರೆ, ಒಂದು ದೊಡ್ಡ ಹೊರೆಯನ್ನು ಎರಡು ಸಲಕ್ಕೆ ಹೊತ್ತರೆ ತಳಕ್ಕೆ ಹಗುರ. ಜಿಮ್‌ಗೆ ಹೋಗುವವರಿಗೂ ಅಷ್ಟೆ. ಸೋರುವುದು ಶುರುವಾದ ತೂಕದಿಂದ ಒಂದು ಹಂತ ಕೆಳಗಿಳಿದು, ಅಲ್ಲಿಂದ ಮತ್ತೆ ನಿಧಾನಕ್ಕೆ ಏರುವುದು. ಡಿಲಾರ್ಮ್ ಸೈನಿಕರಿಗೆ ಹೇಳಿದ್ದೂ ಅದನ್ನೇ.

ಗರ್ಭಕೋಶ ಜಾರಿದವರಿಗೆ ವ್ಯಾಯಾಮದಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಹೆಂಗಸರ ಅಧ್ಯಯನ 2014ರಲ್ಲಿ ಬಂತು. ಫಿಸಿಯೋಥೆರಪಿಸ್ಟ್ ಹತ್ತಿರ ಒಬ್ಬೊಬ್ಬರಾಗಿ ಕಲಿತು ಮಾಡಿದವರಿಗೆ ಒಂದು ವರ್ಷದ ನಂತರ ಜಾರಿದಂತೆ ಅನ್ನಿಸುವ ತೊಂದರೆ ಕಡಿಮೆಯಾಗಿತ್ತು. ಪೂರ್ತಿ ಹೊರಗೆ ಬಂದದ್ದನ್ನು ವ್ಯಾಯಾಮ ಒಳಗೆ ಹಾಕುವುದಿಲ್ಲ. ಅಂಥವರಿಗೆ ಪೆಸರಿಯೋ ಆಪರೇಷನ್ನೋ ಬೇಕು. ಆದರೆ ಆಪರೇಷನ್ನಿನ ದಾರಿಯಲ್ಲೂ ಎಡವಿದ ಇತಿಹಾಸವಿದೆ. ಜಾರಿದ್ದನ್ನು ಯೋನಿಯ ಮೂಲಕ ಪ್ಲಾಸ್ಟಿಕ್ ಬಲೆ ಹಾಕಿ ಹಿಡಿಯುವ ಚಿಕಿತ್ಸೆ ಈ ಶತಮಾನದ ಮೊದಲ ದಶಕದಲ್ಲಿ ಜೋರಾಗಿ ಹಬ್ಬಿತು. ಎಷ್ಟೋ ಜನರಿಗೆ ಬಲೆ ಒಳಗೇ ಕೊರೆದು, ನೋವು ಜೀವನಪೂರ್ತಿ ಉಳಿಯಿತು. 2019ರಲ್ಲಿ ಅಮೆರಿಕ ಸರ್ಕಾರ ಆ ಬಲೆಗಳ ಮಾರಾಟ ನಿಲ್ಲಿಸಿತು. ನಮ್ಮ ಕಡೆ ಕೇಳಿಬರುವ ಮಾತು "ಗರ್ಭಚೀಲ ತೆಗೆಸಿಬಿಡಿ." ಕೆಲವರಿಗೆ ಅದು ಬೇಕಾಗುತ್ತದೆ, ನಿಜ. ಆದರೆ ಚೀಲ ತೆಗೆದರೂ ಕೆಳಗಿನ ಜೋಲಿ ಸಡಿಲವಾಗಿಯೇ ಇರುತ್ತದೆ, ಮುಂದೆ ಉಳಿದದ್ದು ಜಾರಬಹುದು. ತೆಗೆಸುವ ಮುನ್ನ ಬೇರೆ ದಾರಿ ಇದೆಯೆ ಎಂದು ಕೇಳುವ ಹಕ್ಕು ನಿಮ್ಮದು.

ಹಕ್ಕು ಎಂಬ ಮಾತು ಬಂದದ್ದರಿಂದ ನೇಪಾಳದ ವಿಷಯ. ಅಲ್ಲಿನ ಬೆಟ್ಟದೂರುಗಳಲ್ಲಿ ಹೆತ್ತ ಕೆಲವೇ ದಿನಕ್ಕೆ ಕಟ್ಟಿಗೆ, ನೀರು ಹೊರುವ ಹೆಂಗಸರಲ್ಲಿ ಗರ್ಭಕೋಶ ಜಾರುವುದು ದೊಡ್ಡ ಸಮಸ್ಯೆ. 2008ರಲ್ಲಿ ನೇಪಾಳದ ಸುಪ್ರೀಂ ಕೋರ್ಟ್ ಇದನ್ನು ಹೆಂಗಸರ ಹಕ್ಕಿನ ಪ್ರಶ್ನೆ ಎಂದು ಹೇಳಿ, ಸರ್ಕಾರಕ್ಕೆ ಕ್ರಮ ಕೈಗೊಳ್ಳಲು ಆದೇಶಿಸಿತು. ಬಾಣಂತಿಗೆ ವಿಶ್ರಾಂತಿ ಕೊಡುವುದು ಮನೆಯವರ ದೊಡ್ಡ ಮನಸ್ಸಿನ ಮಾತು ಎಂದುಕೊಂಡಿದ್ದವರಿಗೆ ಕೋರ್ಟು ಬೇರೆಯೇ ಉತ್ತರ ಕೊಟ್ಟಿತು.

ಮಾಡಿ ನೋಡುವವರಿಗೆ ಎರಡು ಮಾತು. ವಾಯು ಬಿಡದಂತೆ, ಮೂತ್ರ ಬರದಂತೆ ಒಟ್ಟಿಗೆ ತಡೆದು, ಒಳಗೆ ಮೇಲಕ್ಕೆ ಎಳೆದುಕೊಳ್ಳಬೇಕು. ಕುಂಡೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಪ್ರತಿ ಬಿಗಿತದ ನಂತರ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಮೂತ್ರ ಹೊಯ್ಯುವಾಗ ನಡುವೆ ನಿಲ್ಲಿಸುವುದನ್ನೇ ವ್ಯಾಯಾಮ ಮಾಡಿಕೊಳ್ಳಬೇಡಿ. ಮೂರು ತಿಂಗಳಾದರೂ ಬಿಡದೆ ಮಾಡಿದರೆ ಗೊತ್ತಾಗುತ್ತದೆ. ಕೆಲವರ ಸ್ನಾಯು ಸಡಿಲವಲ್ಲ, ವಿಪರೀತ ಬಿಗಿಯಾಗಿರುತ್ತದೆ. ಅಂಥವರಿಗೆ ನೋವು ಇರುತ್ತದೆ, ಬಿಗಿದಷ್ಟೂ ಹೆಚ್ಚುತ್ತದೆ. ಅವರು ನಿಲ್ಲಿಸಿ ತೋರಿಸಿಕೊಳ್ಳಬೇಕು. ಗಂಟಿನಂತೆ ಏನಾದರೂ ಹೊರಗೆ ಕಂಡರೆ, ಮೂತ್ರ ಕಟ್ಟಿದರೆ, ರಕ್ತ ಹೋದರೆ ವ್ಯಾಯಾಮ ನಂಬಿ ಕೂರದೆ ಆಸ್ಪತ್ರೆಗೆ ಹೋಗಿ.

ಕೆಗಲ್ ಅವರ ಮುಳ್ಳಿನ ಯಂತ್ರ ನಮ್ಮ ಆಸ್ಪತ್ರೆಗಳಲ್ಲಿ ಸಿಗಲಿಕ್ಕಿಲ್ಲ. ಅದು ಇಲ್ಲದಿದ್ದರೂ ನಡೆಯುತ್ತದೆ. ಪರೀಕ್ಷಿಸುವ ಡಾಕ್ಟರಮ್ಮನ ಬೆರಳಿಗೆ ಸ್ನಾಯು ಮೇಲೆ ಹೋಯಿತೋ ಕೆಳಗೆ ಬಂತೋ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಮುಂದಿನ ಸಲ ಹೋದಾಗ ಮಾತ್ರೆ ಚೀಟಿ ಬರೆಸಿಕೊಳ್ಳುವ ಮೊದಲು ಒಂದು ಮಾತು ಕೇಳಿ: "ಮೇಡಂ, ನಾನು ಬಿಗಿಯುತ್ತಿರುವುದು ಸರಿಯಾ, ಸ್ವಲ್ಪ ನೋಡ್ತೀರಾ?"